ರತ್ನಮ್ಮನ ಪಾಲಿನ ಕಾಯಿ

ಗುಬ್ಬಿ ಹತ್ತಿರದ ತೋಟದಲ್ಲಿ ಆಳುಗಳು ಯಜಮಾನರ ತೆಂಗಿನಕಾಯಿಯ ಜೊತೆ ರತ್ನಮ್ಮನ ಗುಡ್ಡೆಯನ್ನೂ, ಕಾಯಿ ಕೊಳ್ಳಲು ಹೋಗಿದ್ದ ನನ್ನ ಟೆಂಪೋಗೆ ತುಂಬಿಬಿಟ್ಟರು. ರತ್ನಮ್ಮ ಆ ತೋಟ ನೋಡಿಕೊಳ್ಳುವವಳು. ಐದು ಕಾಯಿ ಬಿದ್ದರೆ ಯಜಮಾನರಿಗೆ ಮೂರು, ಆಕೆಗೆ ಎರಡು. ಹಂಚುವಾಗ ಇಬ್ಬರಿಗೂ ಎರಡೆರಡು ಎಸೆದು, ಯಜಮಾನರ ಹೆಚ್ಚಿನ ಒಂದನ್ನು ಬೇರೆ ಗುಡ್ಡೆಗೆ ಹಾಕುವುದು ಅಲ್ಲಿನ ರೂಢಿ. ಆ ಸಣ್ಣ ಗುಡ್ಡೆ ಮಾತ್ರ ನೆಲದಲ್ಲಿ ಉಳಿದಿತ್ತು. ಯಾವುದನ್ನೂ ಯಾರೂ ಎಣಿಸಿರಲಿಲ್ಲ.

"ಮುನ್ನೂರು ಕಾಯಿ ತಗೊಂಡು ಸುಮ್ನಿರು ರತ್ನಮ್ಮ," ಎಂದರು ಯಜಮಾನರು.

"ನೀರು ಹಾಯ್ಸಿದೋಳು ನಾನು ಸ್ವಾಮಿ. ಅಂದಾಜಿಗೆ ಹೆಂಗ್ ಬುಡ್ಲಿ?"

ಆಕೆಯ ಮಗಳು ಐದನೇ ಕ್ಲಾಸು. ಸಣ್ಣ ಗುಡ್ಡೆ ಎಣಿಸಿದಳು. ಇನ್ನೂರು. ಮಣ್ಣಿನಲ್ಲಿ ಒಂದೇ ಅಳತೆಯ ಚೌಕ ಎಳೆದಳು, ಮೇಲೆ ಯಜಮಾನರ ಮೂರು, ಕೆಳಗೆ ಅಮ್ಮನ ಎರಡು. ಮೇಲಿನ ಕೊನೆಯದನ್ನು ಮುಟ್ಟಿ, ನನ್ನ ಕಡೆ ತಿರುಗಿ, "ಈ ಗುಡ್ಡೆ ಇದೊಂದೇ ತಾತ. ಇದು ಇನ್ನೂರು ಅಂದ್ರೆ ಎಲ್ಲಾ ಚೌಕಾನೂ ಇನ್ನೂರೇ. ಅಮ್ಮಂದು ಎರಡು. ನಾನೂರು," ಎಂದಳು.

"ಸ್ಕೂಲಲ್ಲಿ ಹೇಳ್ಕೊಟ್ರಾ?" ಎಂದು ಕೇಳಿದೆ.

"ಹೂಂ. ಅಲ್ಲಿ ಮಾವಿನಹಣ್ಣು."

ಕಾಯಿ ವ್ಯಾಪಾರದಲ್ಲೇ ಮುದುಕನಾದವನು ನಾನು. ಈ ಲೆಕ್ಕ ನನಗೂ ಹೊಳೆದಿರಲಿಲ್ಲ. ಚೌಕ ತುಳಿಯದಂತೆ ಸುತ್ತಿಕೊಂಡು ಹೋಗಿ ಗಾಡಿಯ ಹಿಂದಿನ ಡೋರ್ ತೆಗೆದೆ.

ನಾನೂರು ಇಳಿಸಿದೆವು. ಯಜಮಾನರಿಗೆ ನಂಬಿಕೆ ಬರಲಿಲ್ಲ. ಗಾಡಿಯಲ್ಲಿ ಉಳಿದ ತಮ್ಮ ಎರಡು ಚೌಕದ ಪಾಲನ್ನೂ ಎಣಿಸಲು ಹೇಳಿದರು.

ನಾನೂರು ಇತ್ತು.