ಕಾಕಾರ ಮೋಟಾರಿನ ದೀಪದ ತಂತಿ

ಗೆಳತಿಯರೇ, ಇವತ್ತು ಮುಸ್ಸಂಜೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಕಾಕಾರ ಹಳೆಯ ಮೋಟಾರಿನಲ್ಲಿ ಬರುತ್ತಿದ್ದೆವು. ಹೋಟಗಿಯ ಹತ್ತಿರ ಮುಂದಿನ ದೀಪಗಳೆರಡೂ ಮಿಣುಕಿ ಆರಿದವು. ಸುಟ್ಟ ರಬ್ಬರಿನ ವಾಸನೆ ಬಂತು.

“ಕಾಕಾ, ಗಾಡಿ ನಿಲ್ಲಸ್ರಿ,” ಎಂದೆ.

“ಸುಮ್ನ ಕೂಡವಾ. ಈ ದಾರಿ ನನಗ ಕಣ್ಣು ಮುಚ್ಚಿದ್ರೂ ಗೊತ್ತದ.”

“ನಿಮಗ ದಾರಿ ಗೊತ್ತದರಿ. ಎದುರಿಗಿ ಬರೋ ಎತ್ತಿಗಿ ನೀವು ಕಾಣಬೇಕಲ್ರಿ?”

ಗಾಡಿ ನಿಂತಿತು. ಅಷ್ಟರಲ್ಲೇ ದೀಪವಿಲ್ಲದ ಎತ್ತಿನ ಚಕ್ಕಡಿಯೊಂದು ಮೊಳದಷ್ಟು ದೂರದಲ್ಲಿ ಹಾದುಹೋಯಿತು. ನಾನು ಇಳಿದು ತಂತಿ ಮುಟ್ಟಿದರೆ ಮೇಲಿನ ರಬ್ಬರು ಹಪ್ಪಳದಂತೆ ಪುಡಿಯಾಗಿ ಉದುರಿತು. ಮೋಟಾರನ್ನು ಅಲ್ಲೇ ಬಿಟ್ಟು ಹೋಟಗಿಯಿಂದ ರೈಲಿನಲ್ಲಿ ಬಂದೆವು.

ಈಗ ಕಾಕಾ ಪಡಸಾಲೆಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಾರೆ: “ಖತ್ರಾ ಅದ ಅಂತ ನಾನೇ ಗಾಡಿ ನಿಲ್ಲಿಸೀನಿ!”

ನಾನು ಚಹಾ ಕೊಟ್ಟು, “ಹೌದ್ರಿ” ಎಂದೆ. ಹೊಸ ತಂತಿ ಹಾಕಿಸುವ ತನಕ ಮೋಟಾರಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿರುತ್ತದೆ.