ನೀರಿನ ಮಗ್ಗುಲಲ್ಲಿ ಒಂದು ರಾತ್ರಿ

ಓದುಗರಿಗೆ ನಮಸ್ಕಾರ. ದೊಡ್ಡವನಾದ ಮೇಲೆ ಅಕ್ಷರ ಕಲಿತವನು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹಂಪಸಾಗರದ ಹತ್ತಿರ, ತುಂಗಭದ್ರೆಯ ಹಿನ್ನೀರಿನಿಂದ ಹತ್ತೇ ಹೆಜ್ಜೆ ದೂರದಲ್ಲಿ ಟೆಂಪೊ ನಿಲ್ಲಿಸಿ ಒಲೆ ಹೂಡಿದ್ದೆವು. ಕೂಡ್ಲಿಗಿಯ ಒಣನೆಲದಿಂದ ಬಂದ ನಮಗೆ ನೀರಿನ ಮಗ್ಗುಲಲ್ಲಿ ಒಂದು ರಾತ್ರಿ ಮಲಗುವ ಆಸೆ. ಜಾಗ ಆರಿಸಿದವನು ನಾನೇ. ಸಂಜೆಯ ಆಕಾಶವನ್ನೇ ನೆಲಕ್ಕೆ ಹಾಸಿದಂತೆ ನೀರು ಮೆಲ್ಲಗೆ ಹೊಳೆಯುತ್ತಿತ್ತು. ಹೆಂಡತಿ ಮಕ್ಕಳಿಗೆ ಚಾಪೆ ಹಾಸಿದಳು.

ಮೇಲಿನ ದಿಬ್ಬದಲ್ಲಿ ರಾತ್ರಿಗೆಂದು ಕುರಿ ತರುಬಿ ನಿಲ್ಲಿಸಿದ್ದ ಅಜ್ಜಿಯೊಬ್ಬಳು ಇಳಿದು ಬಂದಳು.

"ಕೂಸುಗಳ್ನ ನೀರಾಗ ಮಲಗಿಸ್ತಿಯೇನಪ್ಪಾ?"

"ಮಳೀನ ಇಲ್ಲಲ್ಲ ಯವ್ವಾ, ನೀರು ಎಲ್ಲಿಂದ ಬರ್ತೈತಿ?" ಎಂದು ನಕ್ಕೆ.

"ಮಳಿ ಮ್ಯಾಲಿನ ಸೀಮ್ಯಾಗ ಬಿದ್ದೈತಿ. ನೀರು ಸಪ್ಪಳ ಇಲ್ದಂಗ ನಡ್ಕೊಂತ ಬರ್ತೈತಿ. ನನ್ನ ಕುರಿ ಮಲಗಿದಲ್ಲಿಗೆ ಬರ್ರಿ."

ಹೆಂಡತಿ ಚಾಪೆ ಸುತ್ತಿದಳು. ನಾನು ಟೆಂಪೊ ಮೇಲೇರಿಸಿದೆ. ಕುರಿಗಳ ಬೆಚ್ಚನೆಯ ಉಸಿರಿನ ಪಕ್ಕದಲ್ಲೇ ಮಕ್ಕಳು ನಿದ್ದೆ ಹೋದರು.

ಬೆಳಗ್ಗೆ ನೋಡಿದರೆ ಒಲೆಯ ಕಲ್ಲುಗಳು ಕಾಣಲಿಲ್ಲ. ಮಕ್ಕಳು ಮಲಗಬೇಕಿದ್ದ ಜಾಗದಲ್ಲಿ, ನೀರಿನ ನಡುವೆ ಬೆಳ್ಳಕ್ಕಿಯೊಂದು ಸುಮ್ಮನೆ ನಿಂತಿತ್ತು.

ಹೆಸರು ಕೇಳೋಣವೆಂದರೆ ಅಜ್ಜಿ ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದಳು. ಈಗ ಎಲ್ಲಿ ತಂಗಿದರೂ ಮೊದಲು ಅಲ್ಲಿಯವರನ್ನು ಕೇಳುತ್ತೇನೆ. ಗುರುತಿಲ್ಲದವರು ನಿಮ್ಮ ಮಕ್ಕಳನ್ನೂ ಕಾಯ್ದಿದ್ದರೆ ಬರೆದು ತಿಳಿಸಿ.