ಬಾಣಂತಿ ಕೋಣೆಯ ಕೆಂಡ

ಇದ್ದಿಲು ಹೊತ್ತಿಕೊಳ್ಳುವ ವಾಸನೆ ಬಂದರೆ ನನ್ನ ಕೈ ತಾನಾಗಿ ಕಿಟಕಿ ತೆರೆಯಲು ಹೋಗುತ್ತದೆ. ಕೋಪರಖೈರಣೆಯ ನಮ್ಮ ಸೊಸೈಟಿಯ ಕೆಳಗೊಂದು ಹೋಟೆಲಿದೆ. ಸಂಜೆ ನಾಲ್ಕಕ್ಕೆ ಅಲ್ಲಿ ತಂದೂರಿಗೆ ಬೆಂಕಿ ಹಾಕುತ್ತಾರೆ. ತೆರೆದರೆ ವಾಸನೆ ಇನ್ನಷ್ಟು ಒಳಬರುತ್ತದೆಂದು ಗೊತ್ತು, ಆದರೂ ತೆರೆಯಲೇಬೇಕು. ನಮ್ಮ ಮನೆಯಲ್ಲೀಗ ಪೈಪಿನ ಗ್ಯಾಸು, ಸ್ನಾನಕ್ಕೆ ಟೆರೇಸಿನ ಸೋಲಾರ್ ನೀರು. ಕೆಂಡ ಎಂದರೇನೆಂದು ನನ್ನ ಮಗಳಿಗೆ ವಿವರಿಸಬೇಕಾಗುತ್ತದೆ. ಆ ವಾಸನೆಗೆ ಅವಳಿಗೆ ಹಸಿವಾಗುತ್ತದೆ, ನಾನು ಕಿಟಕಿಗೆ ಓಡುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇರಬಹುದು.

ನನಗಾಗ ಹತ್ತು ವರ್ಷ. ಡೊಂಬಿವಲಿಯ ಚಾಳಿನ ಎರಡನೇ ಮಾಳಿಗೆಯಲ್ಲಿ ಎರಡು ಕೋಣೆಯ ಮನೆ. ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಅಂಬರನಾಥದಲ್ಲಿದ್ದಳು. ಮೊದಲ ಹೆರಿಗೆಗೆ ಉಡುಪಿಯ ತವರಿಗೆ ಹೋಗಬೇಕಾದವಳಿಗೆ ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ಅಜ್ಜಿಯೇ ರೈಲು ಹತ್ತಿ ನಮ್ಮ ಮನೆಗೆ ಬಂದಳು. ಗಂಟು ಬಿಚ್ಚಿದಾಗ ತೆಂಗಿನೆಣ್ಣೆ, ಒಣಶುಂಠಿ, ಲೋಬಾನ, ಹಳೆ ಸೀರೆಯ ಮೆತ್ತನೆ ತುಂಡುಗಳೆಲ್ಲ ಸೇರಿ ಮನೆಯ ಗಾಳಿಯೇ ಬದಲಾಯಿತು. ಬಂದವಳೇ ನೆತ್ತಿಯ ಮೇಲಿನ ಸ್ಲ್ಯಾಬನ್ನು ದಿಟ್ಟಿಸಿ ನೋಡಿದಳು. "ನಮ್ಮ ಹಂಚಿನ ಮಾಡಲ್ಲಿ ಎಲ್ಲಿ ನೋಡಿದ್ರೂ ಸಂದುಂಟು. ಇದಕ್ಕೆ ಉಸಿರಾಡ್ಲಿಕ್ಕೆ ಜಾಗವೇ ಇಲ್ಲ ಮಾರಾಯ್ತಿ" ಎಂದಳು. ಬಾಣಂತಿಗೆ ಗಾಳಿ ತಾಗಬಾರದು, ಮೈಗೆ ಕೆಂಡದ ಕಾವು ಬೇಕು. ಅದು ಅವಳ ಪದ್ಧತಿ. ಆದರೆ ಕೋಣೆಯ ಬಾಗಿಲ ಮೇಲೆ ದಾರ ಎಳೆದು ಮುಚ್ಚುವ ವೆಂಟಿಲೇಟರ್ ಒಂದಿತ್ತು. ಕೆಂಡ ಇರುವಾಗ ಅದನ್ನು ಮುಚ್ಚಬಾರದೆಂದು ಎಲ್ಲರಿಗೂ ಹೇಳಿದಳು. ನನಗೆ ಎರಡು ಸಲ ಹೇಳಿದಳು.

ಹೆರಿಗೆಯಾಗಿ ಚಿಕ್ಕಮ್ಮ ಮಗುವಿನೊಡನೆ ನಮ್ಮ ಒಳಕೋಣೆಗೆ ಬಂದಾಗ ಜೋರು ಮಳೆಗಾಲ. ಲೋಡ್ ಶೆಡ್ಡಿಂಗಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕರೆಂಟಿಲ್ಲ. ಚಿಕ್ಕಪ್ಪ ಉಲ್ಹಾಸನಗರದ ಪೇಟೆಯೆಲ್ಲ ಅಲೆದು ಒಂದು ಚೀಲ ಇದ್ದಿಲು ತಂದುಕೊಟ್ಟಿದ್ದರು. ಅದೇ ವಾರ ನಮ್ಮ ಕನ್ನಡ ಶಾಲೆಯ ಟೀಚರು ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದರು. ಕಲ್ಲಿದ್ದಲು, ಪೆಟ್ರೋಲು, ಗ್ಯಾಸು ಮುಗಿದುಹೋಗುವಂಥವು; ಬಿಸಿಲು, ಗಾಳಿ, ನೀರು ಮುಗಿಯದಂಥವು. ಜಗತ್ತಿನ ದೇಶಗಳೆಲ್ಲ ಮೊದಲನೆಯದನ್ನೇ ಬಾಚಿ ಬಾಚಿ ಸುಡುತ್ತಿವೆ, ನೀವು ದೊಡ್ಡವರಾಗುವಾಗ ಏನುಳಿಯುತ್ತದೋ ಎಂದಿದ್ದರು. ಮನೆಗೆ ಬಂದು ಅಜ್ಜಿಗೆ ಅದನ್ನೇ ಒಪ್ಪಿಸಿದೆ. "ಬಿಸಿಲು ಮುಗಿಯುದಿಲ್ಲ ಅಂತ ನಿನ್ನ ಟೀಚರಿಗೆ ಯಾರು ಹೇಳಿದ್ದು? ಆಟಿ ತಿಂಗಳ ಮಳೆಯಲ್ಲಿ ನಮ್ಮೂರಿಗೆ ಬಂದು ನೋಡ್ಲಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಉಳಿತಾಯದ ಹುಚ್ಚು ಹಿಡಿದಿತ್ತು. ಎರಡನೇ ಸಲ ಚಹಾ ಕಾಯಿಸಿದ್ದಕ್ಕೆ ಅಪ್ಪನನ್ನೇ ಬೈದಿದ್ದೆ.

ಮರದ ಇದ್ದಿಲೂ ಗಣಿಯ ಕಲ್ಲಿದ್ದಲೂ ನನಗೆ ಒಂದೇ. ಚೀಲ ತಳ ಕಾಣುತ್ತಿತ್ತು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಅಜ್ಜಿ ಚಿಕ್ಕಮ್ಮನನ್ನೂ ಮಗುವನ್ನೂ ಮೀಯಿಸಿ, ಕೆಂಡ ತುಂಬಿದ ಶಿಗಡಿಯನ್ನು ಕೋಣೆಯಲ್ಲಿಟ್ಟು, ಸುಸ್ತಾಗಿ ತಾನೂ ಅಲ್ಲೇ ಒರಗಿದಳು. ನನಗೆ ಶಾಲೆ ಮಧ್ಯಾಹ್ನದ್ದು. ಹೊರಕೋಣೆಯಲ್ಲಿ ಹೋಂವರ್ಕ್ ಬರೆಯುತ್ತ ತಲೆಯೆತ್ತಿದರೆ ವೆಂಟಿಲೇಟರ್ ತೆರೆದಿದೆ. ಕಾವೆಲ್ಲ ಅಲ್ಲಿಂದ ಸೋರಿ ದಂಡವಾಗುತ್ತಿದೆ ಅನ್ನಿಸಿತು. ದಾರ ಎಳೆದೆ. ಒಳ್ಳೆಯ ಕೆಲಸ ಮಾಡಿದೆನೆಂದು ಮತ್ತೆ ಬರೆಯಲು ಕೂತೆ.

ಪಕ್ಕದ ಮನೆಯ ಶಿವಮ್ಮ ಬಾಣಂತಿಯನ್ನು ಮಾತಾಡಿಸಲು ಬಂದಳು. ಕಲಬುರಗಿಯವಳು, ಅವಳೂ ಗಂಡನೂ ಕಟ್ಟಡದ ಕೆಲಸದವರು. ಅಜ್ಜಿಯನ್ನು ಮೂರು ಸಲ ಕರೆದಳು, ಒಳಗಿನಿಂದ ಉತ್ತರವಿಲ್ಲ. ಬಾಗಿಲು ದೂಡಿದವಳೇ ಕೂಗಿದಳು. "ಅಯ್ಯ ಯವ್ವಾ! ಉಸುರು ನುಂಗ್ಯಾದ ಇದು! ಕಿಡಕಿ ತಗಿ ಬೇ, ಲಗೂನ ತಗಿ!" ಮಗುವನ್ನು ಎತ್ತಿ ನನ್ನ ಕೈಗೆ ಹಾಕಿ, ಚಿಕ್ಕಮ್ಮನನ್ನೂ ಅಜ್ಜಿಯನ್ನೂ ಒಬ್ಬೊಬ್ಬರನ್ನಾಗಿ ಹೊರಗಿನ ಗ್ಯಾಲರಿಗೆ ಎಳೆತಂದಳು. ಮಗು ಅಳುತ್ತಿರಲಿಲ್ಲ. ಕುತ್ತಿಗೆ ನನ್ನ ಮೊಣಕೈ ಮೇಲೆ ಜೋತುಬಿದ್ದಿತ್ತು. ಮಳೆಹನಿ ಮುಖಕ್ಕೆ ಬೀಳಲೆಂದು ಕಂಬಿಯಾಚೆ ಬಾಗಿ ಹಿಡಿದೆ. ಅಳು, ಅಳು ಎಂದು ಗೋಗರೆದೆ. ಕೆಳಗೆ ರಿಕ್ಷಾ ಬಂದು ನಿಂತರೂ ಅಳಲಿಲ್ಲ. ಶಿವಮ್ಮ ಅದನ್ನು ಕಸಿದುಕೊಂಡು ಮೆಟ್ಟಿಲಿಳಿಯುವಾಗ ಸಣ್ಣದೊಂದು ದನಿ ಕೇಳಿತು.

ಮೂವರೂ ಬದುಕಿದರು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚಿಕ್ಕಪ್ಪ ಎಲ್ಲರೆದುರು ಕೇಳಿದರು, "ಕೊಂದೇ ಬಿಡ್ತಿದ್ರಲ್ಲ ಅತ್ತೆ. ವೆಂಟಿಲೇಟರ್ ಯಾಕೆ ಮುಚ್ಚಿದ್ರಿ?" ಅಜ್ಜಿ ವೆಂಟಿಲೇಟರ್ ನೋಡಿದಳು, ದಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ತೆರೀಲಿಕ್ಕೆ ನೆನಪೇ ಆಗ್ಲಿಲ್ಲ. ಪ್ರಾಯ ಆಯ್ತಲ್ಲ" ಎಂದಳು. ನಾನು ಸುಮ್ಮನಿದ್ದೆ. ನಲವತ್ತು ದಿನ ತುಂಬುವ ಮೊದಲೇ ಅವಳನ್ನು ರೈಲಿಗೆ ಹತ್ತಿಸಿದರು, ಇನ್ನೆರಡು ವರ್ಷಕ್ಕೆ ಊರಲ್ಲಿ ತೀರಿಕೊಂಡಳು. ಆ ಚಾಳು ಈಗಿಲ್ಲ, ಶಿವಮ್ಮ ಎಲ್ಲಿದ್ದಾಳೋ ಗೊತ್ತಿಲ್ಲ.

ಆ ಮಗು ನಿಧಿಗೆ ಈಗ ಕೆಲಸ ಸಿಕ್ಕಿದೆ, ಕಟ್ಟಡಗಳಿಗೆ ಸೋಲಾರ್ ಹಾಕಿಸುವ ಕಂಪೆನಿಯಲ್ಲಿ. ಸಿಹಿ ಕೊಡಲು ತಾಯಿಯೊಡನೆ ಮನೆಗೆ ಬಂದವಳು ಎಂದಿನ ತಮಾಷೆ ತೆಗೆದಳು. "ಅಜ್ಜಿ ನೇ ತೋ ಮುಝೆ ನಿಪಟಾ ಹೀ ದಿಯಾ ಥಾ ನಾ, ಅಕ್ಕಾ?" ಅಜ್ಜಿ ತನ್ನನ್ನು ಮುಗಿಸಿಯೇಬಿಟ್ಟಿದ್ದಳೆಂಬ ಈ ಮಾತಿಗೆ ಮನೆಮಂದಿ ಇಪ್ಪತ್ತು ವರ್ಷದಿಂದ ನಗುತ್ತಾರೆ. ನಾನೂ ನಕ್ಕವಳೇ. ಅವತ್ತು ಆಗಲಿಲ್ಲ. "ಮುಚ್ಚಿದ್ದು ಅಜ್ಜಿಯಲ್ಲ, ನಾನು" ಎಂದೆ.

ನಿಧಿ ಅದಕ್ಕೂ ನಕ್ಕಳು. ಚಿಕ್ಕಮ್ಮ ಮಾತ್ರ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು.

"ಆಮೇಲೆ ಅಮ್ಮನ ಕೈಗೆ ನಾನು ಇವಳನ್ನು ಕೊಡ್ಲೇ ಇಲ್ಲ ಮಾರಾಯ್ತಿ" ಎಂದಳು. "ಊರಿಗೆ ಹೋದಾಗ್ಲೂ ಕೊಡ್ಲಿಲ್ಲ. ಎತ್ಕೊಳ್ಲಿಕ್ಕೆ ಅಂತ ಅಮ್ಮ ಕೈ ತೊಳ್ಕೊಂಡು, ಒರೆಸ್ಕೊಂಡು ಬಂದು ನಿಲ್ತಿದ್ದಳು."